ನಡುವಿನ ಬಟ್ಟಲು ಮತ್ತು ನಮ್ಮ ಎಂಜಲು

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗಿ ನಾಲ್ಕಾರು ತಿಂಗಳು ಇದ್ದು ಬಂದ ನನ್ನ ವಯಸ್ಸಿನ ಗೆಳೆಯರು ಒಂದೆಡೆ ಸೇರಿದರೆ, ಮಾತು ಅಲ್ಲಿನ ಚಳಿಯಿಂದ ಆರಂಭವಾಗಿ ಊಟಕ್ಕೆ ಬಂದು ನಿಲ್ಲುವುದು ವಾಡಿಕೆ. ಅವರಲ್ಲಿ ಎರಡು ಪಂಗಡಗಳನ್ನು ನಾನು ಗುರುತಿಸಿದ್ದೇನೆ. ಮೊದಲನೆಯವರು ಅಲ್ಲಿನ ಯಾವ ತಿನಿಸನ್ನೂ ಮುಟ್ಟದೆ, ಊರಿನಿಂದ ಹೊತ್ತೊಯ್ದ ಚಟ್ನಿಪುಡಿ, ಉಪ್ಪಿನಕಾಯಿಗಳಲ್ಲೇ ದಿನ ಕಳೆದವರು. ಎರಡನೆಯವರು 'ಪರದೇಶಕ್ಕೆ ಬಂದ ಮೇಲೆ ಇನ್ನೇನು ಕೇಳುವುದು' ಎಂದು ಕಣ್ಣು ಮುಚ್ಚಿ ಎಲ್ಲವನ್ನೂ ತಿಂದವರು. ನೋಡಲು ಉತ್ತರ ದಕ್ಷಿಣವಾದರೂ ಇವರಿಬ್ಬರೂ ಒಂದು ವಿಷಯದಲ್ಲಿ ಸಮಾನರು: ಎದುರಿಗಿದ್ದ ಬಟ್ಟಲಿನಲ್ಲಿ ಏನಿದೆ ಎಂದು ಇಬ್ಬರೂ ವಿಚಾರಿಸಲಿಲ್ಲ.

ಈ ಬಗೆಯ ಚರ್ಚೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ತಿನಿಸೊಂದಿದೆ. ಪಾಲಕ್ ಸೊಪ್ಪು, ಆರ್ಟಿಚೋಕ್ ಎಂಬ ತರಕಾರಿ ಮತ್ತು ಎರಡು ಮೂರು ಬಗೆಯ ಚೀಸ್‌ಗಳನ್ನು ಕಲಸಿ, ಓವನ್‌ನಲ್ಲಿ ಮೇಲ್ಪದರ ಹೊಂಬಣ್ಣಕ್ಕೆ ತಿರುಗುವವರೆಗೆ ಬೇಯಿಸಿ, ಮೇಜಿನ ನಡುವೆ ಬಿಸಿಬಿಸಿಯಾಗಿ ಇಡುತ್ತಾರೆ. ಸುತ್ತ ಕುಳಿತವರು ಬ್ರೆಡ್ಡಿನ ತುಂಡನ್ನೋ ಜೋಳದ ಚಿಪ್ಸನ್ನೋ ಅದರಲ್ಲಿ ಅದ್ದಿ ತಿನ್ನುತ್ತಾರೆ. ಇದಕ್ಕೆ ಅವರು 'ಡಿಪ್' ಎನ್ನುತ್ತಾರೆ. ಫೆಬ್ರವರಿಯಲ್ಲಿ ಸೂಪರ್ ಬೌಲ್ ಫುಟ್‌ಬಾಲ್ ಪಂದ್ಯ ನಡೆಯುವ ಭಾನುವಾರದಂದು ಟೆಲಿವಿಷನ್ ಮುಂದೆ ಇಂತಹ ಬಟ್ಟಲೊಂದು ಇಲ್ಲದ ಮನೆ ಅಪರೂಪ. ನಮ್ಮ ಮೊಮ್ಮಕ್ಕಳಿಗಂತೂ ಅದು ನಮಗೆ ಕೋಸಂಬರಿ ಇದ್ದಷ್ಟೇ ಸಹಜ.

ಈ ತಿನಿಸನ್ನು ನಮ್ಮ ಹಿರಿಯರು ದೂರವಿಡಬೇಕಾಗಿಲ್ಲ, ಕಣ್ಣು ಮುಚ್ಚಿ ನುಂಗಬೇಕಾಗಿಯೂ ಇಲ್ಲ. ಅದನ್ನು ಮನೆಯಲ್ಲೇ ತಯಾರಿಸುವುದನ್ನು ಕಲಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಒಂದೊಂದಾಗಿ ನಿವೇದಿಸುತ್ತೇನೆ.

ಮೊದಲು ತರಕಾರಿಯ ವಿಚಾರ. ಆರ್ಟಿಚೋಕ್ ಎಂದರೆ ಕಾಯಿಯೂ ಅಲ್ಲ, ಗೆಡ್ಡೆಯೂ ಅಲ್ಲ. ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಒಂದು ಮುಳ್ಳುಗಿಡದ ಅರಳದ ಮೊಗ್ಗು. ಮೂಲತಃ ಮೆಡಿಟರೇನಿಯನ್ ತೀರದ ಈ ಬೆಳೆಯನ್ನು ಕ್ಯಾಲಿಫೋರ್ನಿಯಾದ ಕಡಲ ತೀರದ ಮಂಜಿನ ಹೊಲಗಳಲ್ಲಿ ನೆಲೆಗೊಳಿಸಿದವರು ಇಟಲಿಯಿಂದ ಬಂದ ವಲಸಿಗರು. ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಸ್ಯಾನ್ ಹೋಸೆ ನಗರದಿಂದ ದಕ್ಷಿಣಕ್ಕೆ ಸುಮಾರು ಒಂದು ಗಂಟೆಯ ಪ್ರಯಾಣ ಮಾಡಿದರೆ ಕ್ಯಾಸ್ಟ್ರೊವಿಲ್ ಎಂಬ ಪುಟ್ಟ ಊರು ಸಿಗುತ್ತದೆ. ತಾನು ಜಗತ್ತಿನ ಆರ್ಟಿಚೋಕ್ ಕೇಂದ್ರವೆಂದು ರಸ್ತೆಗೆ ಅಡ್ಡಲಾಗಿ ಕಟ್ಟಿದ ಫಲಕದಲ್ಲಿ ಅದು ಹೆಮ್ಮೆಯಿಂದ ಸಾರಿಕೊಂಡಿದೆ. ಅಮೆರಿಕದಲ್ಲಿ ವ್ಯಾಪಾರಕ್ಕೆಂದು ಬೆಳೆಯುವ ಆರ್ಟಿಚೋಕ್ ಬಹುಪಾಲು ಕ್ಯಾಲಿಫೋರ್ನಿಯಾದ್ದೇ.

ಬಾಳೆಹೂವಿನ ಪಲ್ಯ ಮಾಡಿದ ಕೈಗೆ ಆರ್ಟಿಚೋಕ್ ಅಪರಿಚಿತವಲ್ಲ. ಹೊರಗಿನ ಗಡುಸಾದ ಎಸಳುಗಳನ್ನು ಒಂದೊಂದಾಗಿ ಕಿತ್ತು, ಒಳಗಿನ ಎಳೆಯ ತಿರುಳನ್ನು ತಲುಪಬೇಕು. ಕೊಯ್ದೊಡನೆ ಕಪ್ಪಾಗುವುದು ಎರಡರದೂ ಸ್ವಭಾವ. ನಾವು ಬಾಳೆಹೂವನ್ನು ಮಜ್ಜಿಗೆಗೆ ಹಾಕಿದರೆ ಅವರು ಆರ್ಟಿಚೋಕನ್ನು ನಿಂಬೆರಸದ ನೀರಿಗೆ ಹಾಕುತ್ತಾರೆ. ಇನ್ನೊಂದು ಸ್ವಾರಸ್ಯವೂ ಉಂಟು. ನೆಲ್ಲಿಕಾಯಿ ತಿಂದು ನೀರು ಕುಡಿದರೆ ಸಿಹಿಯೆನಿಸುವುದು ನಮ್ಮಲ್ಲಿ ಎಲ್ಲ ಮಕ್ಕಳಿಗೂ ಗೊತ್ತು. ಆರ್ಟಿಚೋಕ್ ತಿಂದ ಮೇಲೆಯೂ ಹಲವರಿಗೆ ನೀರು ಸಿಹಿಯಾಗುತ್ತದೆಂದು ವಿಜ್ಞಾನಿಗಳು 1972ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ದಾಖಲಿಸಿದ್ದಾರೆ. ಹೀಗಿರುವಾಗ ಪರಕೀಯವೆಂದು ದೂರ ಸರಿಯಲು ಇದರಲ್ಲಿ ಏನಿದೆ?

ನಿಜವಾದ ಪ್ರಶ್ನೆ ಇರುವುದು ಚೀಸಿನಲ್ಲಿ. ಸಸ್ಯಾಹಾರಿಗಳಾದ ನನ್ನ ಗೆಳೆಯರಲ್ಲಿ ಎಷ್ಟೋ ಮಂದಿ 'ಚೀಸ್ ಎಂದರೆ ಹಾಲಲ್ಲವೇ' ಎಂದು ನಿಶ್ಚಿಂತೆಯಿಂದಿದ್ದಾರೆ. ನಾವು ಪನ್ನೀರು ಮಾಡುವಾಗ ಹಾಲನ್ನು ನಿಂಬೆರಸದಿಂದ ಒಡೆಸುತ್ತೇವೆ. ಆದರೆ ಯುರೋಪಿನ ಅನೇಕ ಚೀಸ್‌ಗಳಲ್ಲಿ ಹಾಲನ್ನು ಗಟ್ಟಿಗೊಳಿಸಲು ಬಳಸುವುದು ರೆನೆಟ್ ಎಂಬ ಕಿಣ್ವವನ್ನು. ಸಂಪ್ರದಾಯದಂತೆ ಅದನ್ನು ತೆಗೆಯುವುದು ಹಾಲು ಕುಡಿಯುವ ಎಳೆಗರುವಿನ ನಾಲ್ಕನೆಯ ಜಠರದಿಂದ, ಕರುವನ್ನು ಕೊಂದ ನಂತರ. ಇಟಲಿಯ ಪ್ರಸಿದ್ಧ ಪಾರ್ಮಿಜಾನೊ ರೆಜ್ಜಾನೊ ಚೀಸನ್ನು ಇಂದಿಗೂ ಕರುವಿನ ರೆನೆಟ್ಟಿನಿಂದಲೇ ಮಾಡಬೇಕೆಂಬುದು ಅದರ ನಿಯಮ.

ಹಾಗೆಂದು ಎಲ್ಲ ಚೀಸೂ ವರ್ಜ್ಯವೇ? ಅಲ್ಲ. ಅದೇ ಕಿಣ್ವವನ್ನು ಸೂಕ್ಷ್ಮಜೀವಿಗಳ ಮೂಲಕ ಹುದುಗಿಸಿ ಪಡೆಯುವ ವಿಧಾನಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1990ರಲ್ಲಿ ಒಪ್ಪಿಗೆ ನೀಡಿತು. ಇಂದು ಅಲ್ಲಿ ತಯಾರಾಗುವ ಚೀಸಿನ ಬಹುಭಾಗ ಈ ಬಗೆಯದು. ತೊಡಕು ಇರುವುದು ಪೊಟ್ಟಣದ ಮೇಲಿನ ಬರಹದಲ್ಲಿ. ಅಲ್ಲಿನ ಕಾನೂನಿನಂತೆ ಕಿಣ್ವವು ಪ್ರಾಣಿಯದಾಗಿರಲಿ, ಸಸ್ಯದ್ದಾಗಿರಲಿ, ಸೂಕ್ಷ್ಮಜೀವಿಯದಾಗಿರಲಿ, 'ಎನ್‌ಜೈಮ್ಸ್' ಎಂಬ ಒಂದೇ ಪದವನ್ನು ಮುದ್ರಿಸಿದರೆ ಸಾಕು. ನಮ್ಮಲ್ಲಿ ಕಡ್ಡಾಯವಾಗಿರುವ ಹಸಿರು ಚುಕ್ಕೆಯ ಏರ್ಪಾಡು ಅಲ್ಲಿಲ್ಲ. ಆದ್ದರಿಂದ ಸೂಕ್ಷ್ಮಜೀವಿ ಮೂಲದ ರೆನೆಟ್ ಅಥವಾ ಸಸ್ಯಾಹಾರಿ ಎಂದು ಸ್ಪಷ್ಟವಾಗಿ ನಮೂದಿಸಿದ ಚೀಸನ್ನೇ ಹುಡುಕಿ ಕೊಳ್ಳಬೇಕು. ಹೋಟೆಲಿನ ಬಟ್ಟಲಿನಲ್ಲಿ ಈ ಹುಡುಕಾಟ ಸಾಧ್ಯವಿಲ್ಲ. ಬಡಿಸುವ ಹುಡುಗನಿಗೆ ತಿಳಿದಿರುವುದಿಲ್ಲ. ಮನೆಯಲ್ಲಿ ಮಾತ್ರ ಸಾಧ್ಯ.

ಇಲ್ಲೊಂದು ವಿಸ್ಮಯವನ್ನು ಹೇಳದೆ ಮುಂದೆ ಹೋಗಲಾರೆ. ಪೋರ್ಚುಗಲ್ಲಿನ ಸೆರಾ ದ ಎಸ್ಟ್ರೆಲಾ ಎಂಬ ಪರ್ವತ ಪ್ರದೇಶದಲ್ಲಿ ಕುರಿಯ ಹಾಲಿಗೆ ಒಂದು ಮುಳ್ಳುಗಿಡದ ಒಣ ಹೂವಿನ ಸಾರವನ್ನು ಬೆರೆಸಿ ಚೀಸ್ ಮಾಡುತ್ತಾರೆ. ಕಾರ್ಡೂನ್ ಎಂಬ ಆ ಗಿಡವು ಆರ್ಟಿಚೋಕಿನ ಅತಿ ಹತ್ತಿರದ ಬಂಧು. ನಮ್ಮ ಬಟ್ಟಲಿನಲ್ಲಿರುವ ತರಕಾರಿಯ ಕುಲಕ್ಕೇ ಹಾಲನ್ನು ಹೆಪ್ಪುಗಟ್ಟಿಸುವ ಶಕ್ತಿ ಇದೆ ಎಂದ ಮೇಲೆ, ಕರುವಿನ ಹಂಗಿಲ್ಲದೆ ಚೀಸ್ ಆಗುವುದಿಲ್ಲವೆಂಬ ಮಾತಿಗೆ ಅರ್ಥವಿಲ್ಲ.

ಈಗ ತಯಾರಿಕೆಗೆ ಬರೋಣ. ಆರು ಜನರಿಗೆ ಸುಮಾರು 280 ಗ್ರಾಂ ಪಾಲಕ್ ಸೊಪ್ಪು, 400 ಗ್ರಾಮಿನ ಒಂದು ಡಬ್ಬಿ ಆರ್ಟಿಚೋಕ್ ತಿರುಳು, 225 ಗ್ರಾಂ ಕ್ರೀಮ್ ಚೀಸ್, ಅರ್ಧ ಬಟ್ಟಲು ಗಟ್ಟಿ ಮೊಸರು, ಒಂದು ಬಟ್ಟಲು ತುರಿದ ಚೀಸ್, ಎರಡು ಎಸಳು ಬೆಳ್ಳುಳ್ಳಿ ಮತ್ತು ಕಾಳುಮೆಣಸಿನ ಪುಡಿ ಸಾಕು. ಕ್ರೀಮ್ ಚೀಸ್ ಎಂದರೆ ಹಾಲು ಮತ್ತು ಕೆನೆಯನ್ನು ಮೊಸರಿನಂತೆಯೇ ಹುಳಿಯಾಗಿಸಿ ನೀರು ಬಸಿದದ್ದು. 1870ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಚೆಸ್ಟರ್ ಎಂಬ ಊರಿನಲ್ಲಿ ವಿಲಿಯಂ ಲಾರೆನ್ಸ್ ಎಂಬ ಹೈನು ವ್ಯಾಪಾರಿ ಇದರ ತಯಾರಿಕೆಯನ್ನು ಆರಂಭಿಸಿದ.

ಪಾಕಪುಸ್ತಕಗಳು ಮೊಸರಿನ ಜಾಗದಲ್ಲಿ ಮೇಯನೇಸ್ ಮತ್ತು ಸೋರ್ ಕ್ರೀಮ್ ಎನ್ನುತ್ತವೆ. ಅಮೆರಿಕದ ನಿಯಮದಂತೆ ಮೇಯನೇಸ್ ಎಂದು ಹೆಸರಿಡಬೇಕಾದರೆ ಅದರಲ್ಲಿ ಮೊಟ್ಟೆಯ ಹಳದಿ ಇರಲೇಬೇಕು. ಸೋರ್ ಕ್ರೀಮಿನ ಕೆಲವು ಬಗೆಗಳಲ್ಲಿ ಪ್ರಾಣಿಮೂಲದ ಜೆಲಟಿನ್ ಸೇರಿರುತ್ತದೆ. ಎರಡನ್ನೂ ಬಿಟ್ಟು, ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮನೆಯ ಮೊಸರನ್ನು ಹಾಕಿದರೆ ರುಚಿಗೆ ಕೊರತೆಯಾಗದು. ಮೊಸರು ಬಿಸಿಗೆ ಒಡೆಯುವುದಿಲ್ಲವೇ ಎಂದು ಕೇಳಬಹುದು. ಮಜ್ಜಿಗೆ ಹುಳಿ ಮಾಡುವವರಿಗೆ ಉತ್ತರ ಗೊತ್ತಿದೆ. ನೆನೆಸಿದ ಕಡಲೆಬೇಳೆಯನ್ನು ರುಬ್ಬಿ ಹಾಕಿದಾಗ ಅದರ ಪಿಷ್ಟವು ಮಜ್ಜಿಗೆಯನ್ನು ಒಡೆಯದಂತೆ ಹಿಡಿದಿಡುತ್ತದೆ. ಇಲ್ಲಿಯೂ ಒಂದು ಚಮಚ ಕಡಲೆಹಿಟ್ಟನ್ನು ಅಥವಾ ಜೋಳದ ಪಿಷ್ಟವನ್ನು ಮೊಸರಿಗೆ ಕಲಸಿಕೊಂಡರೆ ಅದೇ ಕೆಲಸವಾಗುತ್ತದೆ.

ಸೊಪ್ಪನ್ನು ಬಾಡಿಸಿ, ಆರಿದ ಮೇಲೆ ಬಟ್ಟೆಯಲ್ಲಿ ಹಾಕಿ ಬಲವಾಗಿ ಹಿಂಡಬೇಕು. ಆರ್ಟಿಚೋಕನ್ನೂ ಹಾಗೆಯೇ ಹಿಂಡಿ ಸಣ್ಣಗೆ ಹೆಚ್ಚಬೇಕು. ಈ ತಿನಿಸು ಕೆಡುವುದು ಬಹುತೇಕ ನೀರಿನಿಂದಲೇ. ಕ್ರೀಮ್ ಚೀಸ್ ಹೊರಗಿಟ್ಟು ಮೆತ್ತಗಾದ ಮೇಲೆಯೇ ಕಲಸಬೇಕು, ಇಲ್ಲವಾದರೆ ಗಂಟುಗಳು ಉಳಿಯುತ್ತವೆ. ತುರಿದು ಮಾರುವ ಚೀಸಿಗೆ ಅಂಟಿಕೊಳ್ಳದಿರಲೆಂದು ಪಿಷ್ಟವನ್ನೋ ಸೆಲ್ಯುಲೋಸನ್ನೋ ಸವರಿರುತ್ತಾರೆ. ಅದು ನಯವಾಗಿ ಕರಗದು. ಗಟ್ಟಿ ತುಂಡನ್ನು ತಂದು ಮನೆಯಲ್ಲೇ ತುರಿಯುವುದು ಮೇಲು. ಚೀಸಿನಲ್ಲೂ ಡಬ್ಬಿಯ ಆರ್ಟಿಚೋಕಿನಲ್ಲೂ ಉಪ್ಪು ಸಾಕಷ್ಟಿರುವುದರಿಂದ ರಕ್ತದೊತ್ತಡವಿರುವ ನನ್ನಂಥವರು ಬೇರೆ ಉಪ್ಪನ್ನು ಹಾಕುವ ಅಗತ್ಯವೇ ಇಲ್ಲ. ಎಲ್ಲವನ್ನೂ ಕಲಸಿ, ತುರಿದ ಚೀಸಿನಲ್ಲಿ ಸ್ವಲ್ಪವನ್ನು ಮೇಲೆ ಉದುರಿಸಿ, 190 ಡಿಗ್ರಿ ಸೆಲ್ಸಿಯಸ್, ಅಂದರೆ ಅಲ್ಲಿನ ಓವನ್ನಿನ ಲೆಕ್ಕದಲ್ಲಿ 375 ಡಿಗ್ರಿ ಫ್ಯಾರನ್‌ಹೀಟ್ ಬಿಸಿಯಲ್ಲಿ 20ರಿಂದ 25 ನಿಮಿಷ ಬೇಯಿಸಬೇಕು. ಅಂಚುಗಳಲ್ಲಿ ಗುಳ್ಳೆಯೆದ್ದರೆ ಆಯಿತೆಂದು ತಿಳಿಯಬೇಕು. ಹೆಚ್ಚು ಹೊತ್ತು ಬಿಟ್ಟರೆ ಚೀಸ್ ಬಿಗಿದುಕೊಂಡು ಜಿಡ್ಡು ಮೇಲೆ ತೇಲುತ್ತದೆ.

ಬಟ್ಟಲು ಮೇಜಿಗೆ ಬಂದ ಮೇಲೆ ಏಳುವ ಸಮಸ್ಯೆಯೇ ನಮ್ಮವರಿಗೆ ಎಲ್ಲಕ್ಕಿಂತ ದೊಡ್ಡದು: ಎಂಜಲು. ಕಚ್ಚಿದ ತುಂಡನ್ನೇ ಮತ್ತೆ ಅದ್ದುವುದನ್ನು ಕಂಡು ಎದ್ದು ಹೋದ ಹಿರಿಯರನ್ನು ನಾನು ಬಲ್ಲೆ. ಅವರ ಮುಜುಗರವನ್ನು ಮೂಢನಂಬಿಕೆಯೆಂದು ಮಕ್ಕಳು ತಳ್ಳಿಹಾಕುವುದೂ ಉಂಟು. ಆದರೆ ಅಮೆರಿಕನ್ನರಿಗೂ ಈ ಮುಜುಗರ ಹೊಸದಲ್ಲ. ಅವರು ಅದನ್ನು 'ಡಬಲ್ ಡಿಪ್ಪಿಂಗ್' ಎಂದು ಹೀಯಾಳಿಸುತ್ತಾರೆ. 'ಸೈನ್‌ಫೆಲ್ಡ್' ಎಂಬ ಹಾಸ್ಯ ಧಾರಾವಾಹಿಯಲ್ಲಿ 1993ರಲ್ಲಿ ಇದೇ ವಿಷಯಕ್ಕೆ ಜಗಳವೇ ನಡೆಯುತ್ತದೆ. ದಕ್ಷಿಣ ಕೆರೊಲಿನಾದ ಕ್ಲೆಮ್ಸನ್ ವಿಶ್ವವಿದ್ಯಾಲಯದ ಆಹಾರ ವಿಜ್ಞಾನಿ ಪಾಲ್ ಡಾಸನ್ ತಮ್ಮ ವಿದ್ಯಾರ್ಥಿಗಳೊಂದಿಗೆ ಇದನ್ನು ಪ್ರಯೋಗಕ್ಕೇ ಒಡ್ಡಿದರು. 2009ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ, ಕಚ್ಚಿದ ತುಂಡನ್ನು ಮತ್ತೆ ಅದ್ದಿದಾಗ ಬಾಯಿಯ ಬ್ಯಾಕ್ಟೀರಿಯಾಗಳು ಬಟ್ಟಲಿಗೆ ಸೇರುವುದು ನಿಜ. ನಮ್ಮ ಅಜ್ಜಿಯರು ಪ್ರಯೋಗಾಲಯವಿಲ್ಲದೆ ಕಂಡುಕೊಂಡದ್ದು ಇದನ್ನೇ.

ಆದರೆ ಮಾತನ್ನು ಇಲ್ಲಿಗೇ ಮುಗಿಸಿದರೆ ಅರ್ಧಸತ್ಯವಾದೀತು. ಎಂಜಲಿನ ವಿಚಾರ ನಮ್ಮಲ್ಲಿ ಬರಿಯ ಶುಚಿತ್ವದ ವಿಚಾರವಾಗಿ ಉಳಿಯಲಿಲ್ಲ. ಯಾರ ಪಕ್ಕದಲ್ಲಿ ಯಾರು ಕುಳಿತು ಉಣ್ಣಬಾರದು, ಯಾರ ಲೋಟವನ್ನು ಯಾರು ಮುಟ್ಟಬಾರದು ಎಂಬ ಪಂಕ್ತಿಭೇದಕ್ಕೆ ಅದು ನೆಪವಾಯಿತು. ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವುದು ಒಳ್ಳೆಯ ಅಭ್ಯಾಸ. ಎತ್ತಿ ಕುಡಿಯುವವನಿಗೂ ಲೋಟ ಕೊಡದಿರುವುದು ಅನ್ಯಾಯ. ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಬಿಡುವ ವಿವೇಕ ನಮಗೆ ಬೇಕು. ಎಲ್ಲರ ಕೈಯೂ ಒಂದೇ ಬಟ್ಟಲಿಗೆ ಚಾಚುವ ಈ ತಿನಿಸು ಆ ವಿವೇಕವನ್ನು ಪರೀಕ್ಷಿಸುತ್ತದೆ.

ಮಕ್ಕಳು ಈ ಸಮಸ್ಯೆಯನ್ನು ಎಂದೋ ಬಗೆಹರಿಸಿದ್ದಾರೆ. ಶಾಲೆಯ ಅಂಗಳದಲ್ಲಿ ಒಂದೇ ಪೆಪ್ಪರ್‌ಮಿಂಟನ್ನು ಅಂಗಿಯ ಚುಂಗಿನಲ್ಲಿ ಸುತ್ತಿ ಕಚ್ಚಿ, 'ಕಾಗೆ ಎಂಜಲು, ದೋಷವಿಲ್ಲ' ಎಂದು ಹಂಚಿಕೊಂಡ ಮಕ್ಕಳನ್ನು ಉಪಾಧ್ಯಾಯ ವೃತ್ತಿಯ ಉದ್ದಕ್ಕೂ ಕಂಡಿದ್ದೇನೆ. ಬಟ್ಟೆ ಬ್ಯಾಕ್ಟೀರಿಯಾವನ್ನು ತಡೆಯದಿರಬಹುದು. ಆದರೆ ಹಂಚಿಕೊಳ್ಳಲೇಬೇಕು, ಶುಚಿಯೂ ಉಳಿಯಬೇಕು ಎಂಬ ಎರಡು ಆಸೆಗಳನ್ನೂ ಬಿಡದ ಆ ಬುದ್ಧಿ ದೊಡ್ಡವರಿಗೂ ಬೇಕಾದದ್ದೇ.

ಅದನ್ನೇ ಮೇಜಿನ ಮೇಲೆ ಮಾಡಬಹುದು. ನಡುವಿನ ಬಟ್ಟಲಿಗೆ ಒಂದು ಚಮಚ, ಪ್ರತಿಯೊಬ್ಬರ ಮುಂದೆ ಒಂದು ಪುಟ್ಟ ತಟ್ಟೆ. ಬಡಿಸಿಕೊಂಡ ಮೇಲೆ ಅವರವರ ತಟ್ಟೆಯಲ್ಲಿ ಎಷ್ಟು ಸಲ ಅದ್ದಿದರೂ ಸರಿಯೇ. ಊರಿನಿಂದ ಕಡಕ್ ಜೋಳದ ರೊಟ್ಟಿ ಒಯ್ದಿದ್ದರೆ ಒಂದೇ ತುತ್ತಿಗೆ ಆಗುವಷ್ಟು ಮುರಿದಿಡಿ, ಅದು ಚಿಪ್ಸಿಗಿಂತ ಚೆನ್ನಾಗಿ ಹೊಂದುತ್ತದೆ. ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಬಿಡಬೇಡಿ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಚಪಾತಿಯ ಜೊತೆ ಮುಗಿಸಿ.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯಲ್ಲಿ 'ಬಲ್ಲವನು' ಎಂಬುದೇ ಮುಖ್ಯವಾದ ಪದ. ಮಕ್ಕಳ ಮನೆಯಲ್ಲಿ ಕಳೆಯುವ ಆರು ತಿಂಗಳಿನಲ್ಲಿ ಮೊಮ್ಮಕ್ಕಳೊಡನೆ ಒಂದೇ ಮೇಜಿನಲ್ಲಿ ಕುಳಿತು ತಿನ್ನುವ ಸಂಜೆಗಳು ಎಷ್ಟು ಸಿಕ್ಕಾವು? ಅಂಥ ಒಂದು ಸಂಜೆ ಕೋಣೆಗೆ ಹೋಗಿ ಒಬ್ಬರೇ ಚಟ್ನಿಪುಡಿ ಅನ್ನ ಕಲಸಿಕೊಳ್ಳುವ ಬದಲು, ಬೆಳಿಗ್ಗೆಯೇ ಮೊಮ್ಮಗಳನ್ನು ಕರೆದು ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳನ್ನು ಓದಿಸಿ. ಸೊಪ್ಪು ಹಿಂಡುವ ಕೆಲಸವನ್ನು ನೀವೇ ವಹಿಸಿಕೊಳ್ಳಿ. ಬೇಡವೆಂದು ತಲೆಯಾಡಿಸುವ ಅಜ್ಜನಿಂದ ಅಥವಾ ಅಜ್ಜಿಯಿಂದ ಆ ಮಗು ಏನನ್ನೂ ಕಲಿಯದು. ಇದರಲ್ಲಿ ಏನಿದೆ ಎಂದು ಕೇಳುವವರಿಂದ ಬಹಳಷ್ಟನ್ನು ಕಲಿತೀತು.