ಪ್ರಾತಃಕಾಲದ ಘಂಟೆ ಮತ್ತು ನಮ್ಮ ಮಕ್ಕಳು

ಪ್ರಾತಃಕಾಲದ ಪ್ರಾರ್ಥನೆಯ ಮಹತ್ವವನ್ನು ಕುರಿತು ನಾಲ್ಕು ಮಾತು ಬರೆದುಕೊಡಬೇಕೆಂದು ಈ ಸಂಚಿಕೆಯ ಸಂಪಾದಕ ಬಂಧುಗಳು ಆದೇಶಿಸಿದಾಗ ಇದು ಸುಲಭದ ಕೆಲಸವೆಂದೇ ಭಾವಿಸಿದ್ದೆನು. ಪ್ರಾರ್ಥನೆಯ ಮಹತ್ವವನ್ನು ಅಲ್ಲಗಳೆಯುವವರು ನಮ್ಮ ವಾಚಕರಲ್ಲಿ ಯಾರಿದ್ದಾರೆ? ಆದರೆ ಲೇಖನಿಯನ್ನು ಕೈಗೆತ್ತಿಕೊಂಡ ಮೇಲೆ, ಅದರ ಮಹತ್ವವನ್ನು ಹೊಗಳುವುದಕ್ಕಿಂತ, ಅದನ್ನು ನಾವು ಮಕ್ಕಳಿಂದ ಯಾವ ರೀತಿಯಲ್ಲಿ ಮಾಡಿಸುತ್ತಿದ್ದೇವೆ ಎಂಬುದನ್ನು ವಿಚಾರಿಸುವುದೇ ಹೆಚ್ಚು ಅವಶ್ಯವೆಂದು ತೋರಿತು. ನನ್ನ ಮಾತು ಕೆಲವರಿಗೆ ಕಹಿಯೆನಿಸಿದರೆ ಕ್ಷಮೆಯಿರಲಿ.

ಬೋನಾಳದವರಿಗೆ ಬೆಳಗು ಎಂದರೇನೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹದಿನೇಳನೆಯ ಶತಮಾನದಲ್ಲಿ ಸುರಪುರದ ನಾಯಕ ಅರಸರು ಕಟ್ಟಿಸಿದ, ಮುಂದೆ ಮೆಡೋಸ್ ಟೇಲರ್ ಸಾಹೇಬರು ಸುಧಾರಿಸಿದ ನಮ್ಮ ಕೆರೆಯ ಏರಿಯ ಮೇಲೆ ನಸುಕಿನಲ್ಲಿ ಒಂದು ಗಳಿಗೆ ನಿಂತರೆ ಸಾಕು. ಜೊಂಡಿನ ನಡುವೆ ಜಂಬುಕೋಳಿಗಳ ಸದ್ದು, ನೀರಂಚಿನಲ್ಲಿ ಅಲುಗಾಡದೆ ನಿಂತ ಬಕ, ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಬಂದಿಳಿದ ಪಟ್ಟೆತಲೆಯ ಹೆಬ್ಬಾತುಗಳು. ದೂರದೂರದಿಂದ ಜನ ದುರ್ಬೀನು ಹಿಡಿದು ಇಲ್ಲಿಗೆ ಬರುತ್ತಾರೆ. ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಆ ಹೊತ್ತಿನಲ್ಲಿ ಆ ಕೆರೆಯನ್ನು ಸುಮ್ಮನೆ ನಿಂತು ನೋಡಿದ್ದಾರೆಂದು ಒಮ್ಮೆ ತರಗತಿಯಲ್ಲಿ ಕೇಳಿದೆನು. ಮೇಲೆದ್ದ ಕೈಗಳು ಮೂರು.

ಶರಣರು ಕೊಟ್ಟ ಇಷ್ಟಲಿಂಗ ಪೂಜೆಯ ಸ್ವರೂಪವನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸಬೇಕು. ಸ್ನಾನ, ವಿಭೂತಿಧಾರಣೆ, ಎಡ ಅಂಗೈಯಲ್ಲಿ ಲಿಂಗ, ಒಂದಿಷ್ಟು ನೀರು, ಒಂದು ಪತ್ರೆ ಅಥವಾ ಹೂವು, ಷಡಕ್ಷರಿಯ ಜಪ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ರೆಪ್ಪೆಯಾಡಿಸದೆ ಆ ಕುರುಹಿನ ಮೇಲೆ ನಿಲ್ಲಿಸಿದ ದೃಷ್ಟಿ. ಇಲ್ಲಿ ಪುರೋಹಿತನಿಲ್ಲ, ಗುಡಿಯಿಲ್ಲ, ದಕ್ಷಿಣೆಯಿಲ್ಲ. ದೇವರು ಎದೆಯ ಮೇಲೆಯೇ ಇರುವುದರಿಂದ ಹೊಲಕ್ಕೆ ಹೋಗುವವನು, ಮಗ್ಗದ ಮುಂದೆ ಕುಳಿತುಕೊಳ್ಳುವವನು, ಒಲೆ ಹೊತ್ತಿಸುವ ತಾಯಿ, ತಮ್ಮ ತಮ್ಮ ಅನುಕೂಲದ ಹೊತ್ತಿಗೆ ತಾವೇ ಪೂಜಿಸಿಕೊಳ್ಳಬಹುದು. ನಮ್ಮ ಸೀಮೆಯ ಮುದನೂರಿನ ದೇವರ ದಾಸಿಮಯ್ಯನವರು ನೇಯ್ಗೆಯವರಾಗಿದ್ದರೆಂಬುದನ್ನು ನೆನೆಯಬೇಕು. ದುಡಿಯುವವನ ಬೆಳಗಿಗೆ ಹೊಂದುವಂಥ ಭಕ್ತಿ ಇದು. ಯಾರೋ ಘಂಟೆ ಬಾರಿಸಿ, ಯಾರೋ ಹಾಜರಿ ಕರೆದು, ಯಾರೋ ದಂಡಿಸಿ ಮಾಡಿಸುವ ಕ್ರಿಯೆಯಾಗಿ ಇದು ಹುಟ್ಟಲಿಲ್ಲ.

ನಾನು ಬಾಲ್ಯದಲ್ಲಿ ಬೇರೊಂದು ಊರಿನ ಪ್ರಸಾದ ನಿಲಯದಲ್ಲಿದ್ದೆನು. ನಾಲ್ಕೂವರೆಗೆ ಘಂಟೆ. ಮಾಘದ ಚಳಿಯಲ್ಲಿ ತಣ್ಣೀರಿನ ತೊಟ್ಟಿಯ ಸುತ್ತ ನೂರಾರು ಹುಡುಗರು ನಡುಗುತ್ತ ನಿಲ್ಲುತ್ತಿದ್ದೆವು. ಎಷ್ಟೋ ಜನ ತಲೆಗೂದಲನ್ನು ಮಾತ್ರ ಒದ್ದೆ ಮಾಡಿಕೊಂಡು, ವಿಭೂತಿ ಬಳಿದುಕೊಂಡು ಸಾಲಿನಲ್ಲಿ ಕುಳಿತುಬಿಡುತ್ತಿದ್ದರು. ನಾನೂ ಅವರಲ್ಲೊಬ್ಬ. ಒಂದು ದಿನ ಪ್ರಾರ್ಥನೆಯ ನಡುವೆ ತೂಕಡಿಸಿದ್ದಕ್ಕಾಗಿ ಬೆನ್ನ ಮೇಲೆ ಬಿದ್ದ ಬೆತ್ತದ ನೋವು ಎರಡು ದಿನಗಳಲ್ಲಿ ಮಾಯವಾಯಿತು. ಆದರೆ ಪ್ರಾರ್ಥನೆಯ ಮೊದಲ ಸ್ವರ ಕೇಳಿದೊಡನೆ ಮೈ ಬಿಗಿದುಕೊಳ್ಳುವ ಅಭ್ಯಾಸ ಹೋಗಬೇಕಾದರೆ ನನಗೆ ಮೂವತ್ತು ವರ್ಷ ದಾಟಬೇಕಾಯಿತು. ಮುಂಜಾನೆಯ ಪೂಜೆಯ ಸುಖವನ್ನು ನಾನು ಕಲಿತದ್ದು ಆ ಸಾಲಿನಲ್ಲಲ್ಲ. ರಜೆಯಲ್ಲಿ ಊರಿಗೆ ಬಂದಾಗ, ಯಾರನ್ನೂ ಎಬ್ಬಿಸದೆ ದೇವರ ಮನೆಯ ಮೂಲೆಯಲ್ಲಿ ಒಬ್ಬಳೇ ಕುಳಿತಿರುತ್ತಿದ್ದ ಅಜ್ಜಿಯನ್ನು ನೋಡಿ.

ಬ್ರಾಹ್ಮೀ ಮುಹೂರ್ತವೆಂಬ ಮಾತನ್ನು ನಾವು ಧಾರಾಳವಾಗಿ ಬಳಸುತ್ತೇವೆ. ಲೆಕ್ಕ ಹಾಕಿ ನೋಡಿದರೆ, ಸೂರ್ಯೋದಯಕ್ಕೆ 96 ನಿಮಿಷ ಮೊದಲು ಆರಂಭವಾಗಿ 48 ನಿಮಿಷ ಇರುವ ಕಾಲವದು. ನಮ್ಮ ಕಡೆ ಜನವರಿಯಲ್ಲಿ ಸೂರ್ಯನು ಏಳು ಗಂಟೆಯ ಸಮೀಪಕ್ಕೆ ಬಂದರೆ, ಜೂನ್ ತಿಂಗಳಲ್ಲಿ ಆರಕ್ಕೂ ಮೊದಲೇ ಬರುತ್ತಾನೆ. ಹೀಗಿರುವಾಗ ವರ್ಷವಿಡೀ ಒಂದೇ ವೇಳೆಗೆ ಬಾರಿಸುವ ಘಂಟೆ ಯಾವ ಶಾಸ್ತ್ರಕ್ಕೆ ಸೇರಿದ್ದು? (ಮೇಲ್ವಿಚಾರಕರ ಅನುಕೂಲದ ಶಾಸ್ತ್ರಕ್ಕೆಂದು ನನ್ನ ಸ್ನೇಹಿತರೊಬ್ಬರು ವಿನೋದವಾಗಿ ಹೇಳಿದರು.) ಇನ್ನೊಂದು ಲೆಕ್ಕವೂ ಇದೆ. ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ತಾಸು ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ; ಇನ್ನೂ ಚಿಕ್ಕವರಿಗೆ 9ರಿಂದ 12 ತಾಸು. ರಾತ್ರಿ ಹನ್ನೊಂದರವರೆಗೆ ಓದಿಸಿ ನಾಲ್ಕೂವರೆಗೆ ಎಬ್ಬಿಸಿದರೆ ಹುಡುಗನಿಗೆ ಸಿಕ್ಕಿದ್ದು ಐದೂವರೆ ತಾಸು. ಬೇಗ ಏಳಬೇಕೆಂಬವರು ಬೇಗ ಮಲಗಿಸುವ ಹೊಣೆಯನ್ನೂ ಹೊರಬೇಕು. ಒಂಬತ್ತಕ್ಕೆ ದೀಪ ಆರಿಸುವ ಧೈರ್ಯ ನಮ್ಮ ಎಷ್ಟು ವಸತಿನಿಲಯಗಳಿಗಿದೆ?

ಇಲ್ಲಿ ಸಿದ್ಧಗಂಗೆಯ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ, ಕೊಡಬೇಕಾದದ್ದೇ. 2019ರಲ್ಲಿ ಲಿಂಗೈಕ್ಯರಾದ ಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ನೂರು ದಾಟಿದ ವಯಸ್ಸಿನಲ್ಲಿಯೂ ಎರಡು ಗಂಟೆ ಕಳೆಯುತ್ತಲೇ ಎದ್ದು ಪೂಜಾನಿಷ್ಠರಾಗುತ್ತಿದ್ದರು. ಆದರೆ ಆ ಕಠಿಣ ನಿಯಮ ಅವರು ತಮಗಾಗಿ ವಿಧಿಸಿಕೊಂಡದ್ದು; ಮಕ್ಕಳನ್ನು ಎರಡು ಗಂಟೆಗೆ ಎಬ್ಬಿಸಲಿಲ್ಲ. ಎಲ್ಲ ಜಾತಿ ಮತಗಳ ಸಾವಿರಾರು ಬಾಲಕರು ಬಯಲಿನಲ್ಲಿ ಕುಳಿತು ಮಾಡುತ್ತಿದ್ದ ಸಾಮೂಹಿಕ ಪ್ರಾರ್ಥನೆಯಲ್ಲಿ ಅವರು ತಾವೂ ಕುಳಿತುಕೊಳ್ಳುತ್ತಿದ್ದರು. ಹಿರಿಯರು ಮೊದಲು ಬಂದು ಕುಳಿತ ಕಡೆ ಬೆತ್ತಕ್ಕೆ ಕೆಲಸವಿರುವುದಿಲ್ಲ. ನಮ್ಮ ಉಪಾಧ್ಯಾಯ ಬಂಧುಗಳಲ್ಲಿ ಪ್ರಾರ್ಥನೆಯ ವೇಳೆ ಹಾಜರಿ ಪುಸ್ತಕ ತುಂಬುವವರೂ, ಕೈಯಲ್ಲಿ ಮೊಬೈಲ್ ಹಿಡಿದು ಕಂಬದ ಹಿಂದೆ ನಿಲ್ಲುವವರೂ ಇದ್ದಾರೆಂಬುದನ್ನು ಸಂಕೋಚದಿಂದಲೇ ಬರೆಯುತ್ತೇನೆ. ಎದ್ದ ಕೂಡಲೆ ಆ ಯಂತ್ರದ ಮುಖ ನೋಡುವುದು ಮಕ್ಕಳ ದೋಷವೆಂದು ಗೊಣಗುವವರೂ ನಾವೇ.

ಇನ್ನು, ಮನೆಯಿಂದ ನಡೆದು ಬರುವ ಮಕ್ಕಳ ಮಾತು. ನನ್ನ ಮನಸ್ಸನ್ನು ಹೆಚ್ಚು ಕಾಡಿರುವುದು ಇದೇ. ಹತ್ತಿ ಬಿಡಿಸುವ ದಿನಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ಬೆಳಗಾಗುವ ಮೊದಲೇ ಎದ್ದು, ನೀರು ತಂದು, ರೊಟ್ಟಿ ಬಡಿದು, ತಂಗಿ ತಮ್ಮಂದಿರನ್ನು ಅಣಿಗೊಳಿಸಿ, ಮೊದಲ ಘಂಟೆ ತಪ್ಪಿಸಿಕೊಂಡು ಓಡಿ ಬರುತ್ತಾರೆ. ತಂದೆತಾಯಿ ಬೆಂಗಳೂರಿಗೋ ಪುಣೆಗೋ ಗುಳೆ ಹೋದ ಮನೆಗಳಲ್ಲಂತೂ ಒಲೆಯ ಭಾರವೆಲ್ಲ ಆ ಎಳೆಯ ಕೈಗಳ ಮೇಲೆ. ಅಂಥವಳನ್ನು ‘ಪ್ರಾರ್ಥನೆಗೆ ತಡವಾಗಿ ಬಂದವಳು’ ಎಂದು ಬಾಗಿಲ ಹೊರಗೆ ನಿಲ್ಲಿಸುವ ಪದ್ಧತಿ ನಮ್ಮ ಕಡೆಯ ಅನೇಕ ಶಾಲೆಗಳಲ್ಲಿದೆ. ಲಿಂಗಸುಗೂರು ಸೀಮೆಯಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯನವರು ಪೂಜೆಗಿಂತಲೂ ಕೈಗೊಂಡ ಕಾಯಕಕ್ಕೆ ಮುಂದಿನ ಸ್ಥಾನವನ್ನು ಕೊಟ್ಟವರು; ಕಾಯಕವನ್ನು ಮರೆತು ಅನುಭವ ಗೋಷ್ಠಿಯಲ್ಲಿ ಮೈಮರೆತ ಅವರನ್ನು ಎಚ್ಚರಿಸಿದವರು ಪತ್ನಿ ಲಕ್ಕಮ್ಮನವರು. ಆ ದಂಪತಿಗಳ ಹೆಸರು ಹೇಳುವ ನಾವು, ಕಾಯಕ ಮುಗಿಸಿ ಬಂದ ಬಾಲಕಿಯನ್ನು ಬಿಸಿಲಿನಲ್ಲಿ ನಿಲ್ಲಿಸುತ್ತೇವೆ!

ಆಡಳಿತ ಮಂಡಳಿಯ ಮಾನ್ಯರಿಗೂ ದಾನಿಗಳಿಗೂ ನನ್ನ ವಿನಂತಿ ಇಷ್ಟೆ. ಪ್ರಾರ್ಥನೆ ಇರಲಿ, ಅದು ಹದಿನೈದು ನಿಮಿಷಕ್ಕೆ ಮೀರದಿರಲಿ, ಅದರಲ್ಲಿ ಐದು ನಿಮಿಷ ಪೂರ್ಣ ಮೌನವಿರಲಿ. ಆ ಮೌನದಲ್ಲಿ ಲಿಂಗಧಾರಿಯಾದ ಬಾಲಕನು ತನ್ನ ಇಷ್ಟಲಿಂಗವನ್ನು ನೆನೆಯಲಿ, ಪಕ್ಕದಲ್ಲಿ ಕುಳಿತ ಮುಸಲ್ಮಾನ ಬಾಲಕನು ತನ್ನ ದೇವರನ್ನು ನೆನೆಯಲಿ. ತಡವಾಗಿ ಬಂದವರು ಸದ್ದಿಲ್ಲದೆ ಹಿಂದೆ ಕುಳಿತುಕೊಳ್ಳಲಿ. ಅವರನ್ನು ಕಾರಣ ಕೇಳುವುದಾದರೆ ಪ್ರತ್ಯೇಕವಾಗಿ, ಮೃದುವಾಗಿ ಕೇಳೋಣ. ವಸತಿಯ ಮಕ್ಕಳ ಘಂಟೆ ಋತುವಿಗೆ ತಕ್ಕಂತೆ ಬದಲಾಗಲಿ. ವಾರಕ್ಕೊಮ್ಮೆ ಒಂದೊಂದು ತರಗತಿ ಕೆರೆಯ ಏರಿಗೆ ಹೋಗಿ ಸೂರ್ಯೋದಯದವರೆಗೆ ಮಾತಿಲ್ಲದೆ ಕುಳಿತು ಬರಲಿ. ಇದಕ್ಕೆ ಕಾಸಿನ ಖರ್ಚೂ ಇಲ್ಲ.

ಪ್ರಾರ್ಥನಾ ಮಂದಿರಕ್ಕೆ ಅಮೃತಶಿಲೆಯ ನೆಲ ಹಾಸಿಸಿಕೊಡಲು ಉದಾರಿಗಳೊಬ್ಬರು ಮುಂದೆ ಬಂದಿರುವ ಸಂಗತಿ ಸಂತೋಷದ್ದು. ಅವರಲ್ಲಿ ಕೈಮುಗಿದು ಬೇಡುವುದೇನೆಂದರೆ, ಆ ಹಣದಲ್ಲಿ ಮೊದಲು ವಸತಿನಿಲಯದ ಹಿಂಭಾಗದಲ್ಲಿ ಬಾಗಿಲುಗಳುಳ್ಳ ಸ್ನಾನಗೃಹಗಳನ್ನೂ, ಸೂರ್ಯನ ಶಾಖದಿಂದ ನೀರು ಕಾಯಿಸುವ ಎರಡು ಯಂತ್ರಗಳನ್ನೂ ಮಾಡಿಸಿಕೊಡಬೇಕು. ಹಲಗೆಯ ಮೇಲೆ ಅವರ ತಂದೆಯವರ ಹೆಸರನ್ನು ಅಲ್ಲಿಯೇ ಬರೆಸೋಣ. ಮಂದಿರದ ಸಗಣಿ ಸಾರಿಸಿದ ನೆಲದ ಮೇಲೆ ಚಾಪೆ ಹಾಸಿಕೊಂಡು ಕುಳಿತುಕೊಳ್ಳಲು ನಮ್ಮ ಮಕ್ಕಳಿಗೆ ಇನ್ನೂ ಕೆಲವು ವರ್ಷ ಅಡ್ಡಿಯಿಲ್ಲ.