ಹರಟೆಯ ಕನ್ನಡಕ್ಕೆ ಪಾಠದಲ್ಲಿ ಜಾಗವಿಲ್ಲವೆ?

ಭಾನುವಾರದ ಕನ್ನಡ ತರಗತಿಗಳ ಬಗ್ಗೆ ನಮ್ಮ ಹಿರಿಯರಲ್ಲಿ ಕೆಲವರದೊಂದು ದೂರು. ಮಕ್ಕಳು ವಾಟ್ಸಾಪಿನಲ್ಲಿ ಬರೆಯುವುದು ಕನ್ನಡವೇ ಅಲ್ಲವಂತೆ. ಅದನ್ನು ತರಗತಿಯ ಹೊಸ್ತಿಲು ದಾಟಗೊಡಬಾರದಂತೆ. ಕ್ರೋಂಪೇಟೆಯಲ್ಲಿ ಮನೆ ಮಾಡಿಕೊಂಡು, ತಮಿಳು ಇಂಗ್ಲಿಷುಗಳ ನಡುವೆ ಮಕ್ಕಳನ್ನು ಬೆಳೆಸುತ್ತಿರುವ ನಾವು ಇದನ್ನು ಒಪ್ಪಲಾರೆವು.

ಈ ದೂರಿನಲ್ಲಿ ಎರಡು ವಿಷಯಗಳು ಕಲಸಿಹೋಗಿವೆ: ಮಾತು ಒಂದು, ಲಿಪಿ ಇನ್ನೊಂದು.

ಮೊದಲು ಮಾತು. ‘ಹೋಗ್ತೀನಿ’, ‘ಬರ್ತಾರಂತೆ’ ಎಂದು ಮಗು ಬರೆದರೆ ತಪ್ಪೇನು? ಮೈಸೂರಿನ ಅಜ್ಜಿ ಆಡುವುದೂ ಅದನ್ನೇ. ‘ಹೋಗುತ್ತೇನೆ’ ಎಂದು ಮೊಮ್ಮಗ ದೂರವಾಣಿಯಲ್ಲಿ ಹೇಳಿದರೆ ಆಕೆ ನಕ್ಕಾಳು! ಆಡುಮಾತನ್ನು ರಂಗಕ್ಕೇರಿಸಿದ ಕೈಲಾಸಂ (1884–1946) ಅವರ ಮನೆಮಾತು ತಮಿಳು. ಅವರು ಓದಿದ್ದು ಇದೇ ಊರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. ಅವರ ನಾಟಕಕ್ಕೆ ಚಪ್ಪಾಳೆ ತಟ್ಟುವವರು ಮಕ್ಕಳ ಆಡುಮಾತಿಗೆ ಮೂಗು ಮುರಿಯುವುದು ನ್ಯಾಯವೆ?

ಹೊರಗಿನ ಉದಾಹರಣೆ ಬೇಕೆ? ಶಾಲೆಯಲ್ಲಿ ಫ್ರೆಂಚ್ ಆರಿಸಿಕೊಂಡ ಮಕ್ಕಳನ್ನು ಕೇಳಿ. ‘ನನಗೆ ಗೊತ್ತಿಲ್ಲ’ ಎನ್ನಲು ಪುಸ್ತಕದಲ್ಲಿ ‘ಝ ನ ಸೆ ಪಾ’. ಗೆಳೆಯರ ಹರಟೆಯಲ್ಲಿ ಅದೇ ‘ಶೆ ಪಾ’. ಮೊದಲನೆಯದನ್ನು ಮಾತ್ರ ಕಲಿತವನು ಪ್ಯಾರಿಸಿನ ಗೆಳೆಯನ ಸಂದೇಶದ ಮುಂದೆ ಕಣ್ಣು ಕಣ್ಣು ಬಿಡಬೇಕಾಗುತ್ತದೆ. ಆದ್ದರಿಂದಲೇ ಬುದ್ಧಿವಂತ ಮೇಷ್ಟರು ಎರಡನ್ನೂ ಕಲಿಸುತ್ತಾರೆ.

ಇನ್ನು ಲಿಪಿ. ಇಲ್ಲಿ ನಾವು ಹಿರಿಯರ ಪಕ್ಷ. ಇಂಗ್ಲಿಷ್ ಅಕ್ಷರದಲ್ಲಿ ಮಕ್ಕಳು ಬರೆಯುವಾಗ ಬೆಲೆ, ಬೆಳೆ, ಬೇಳೆ ಮೂರೂ ಒಂದೇ. ಹಳ್ಳಿಗೂ ಹಲ್ಲಿಗೂ ಭೇದವಿಲ್ಲ. ಎಸ್ಸೆಮ್ಮೆಸ್ಸಿನ ಕಾಲದಲ್ಲಿ ಒಂದು ಸಂದೇಶದಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸುತ್ತಿತ್ತು. ಕನ್ನಡದಲ್ಲಾದರೋ ಗುಣಿತ, ಒತ್ತುಗಳ ಚಿಹ್ನೆಗಳನ್ನೂ ಎಣಿಸಿ 70 ಮಾತ್ರ. ಕಾಸು ಉಳಿಸಲು ಇಂಗ್ಲಿಷ್ ಅಕ್ಷರ ಹಿಡಿದವರನ್ನು ಅಂದು ದೂರುವಂತಿರಲಿಲ್ಲ. ಇಂದು ಆ ನೆಪವಿಲ್ಲ. ಇಂಗ್ಲಿಷ್ ಕೀಲಿ ಒತ್ತಿದರೂ ಕನ್ನಡ ಮೂಡಿಸುವ ಸೌಕರ್ಯ ಮೊಬೈಲಿನಲ್ಲೇ ಇದೆ.

ನಮ್ಮ ಸಲಹೆ ಇಷ್ಟೆ. ತರಗತಿಯ ಮೊದಲ ಕಾಲು ಗಂಟೆ ಸಂದೇಶಗಳಿಗೆ ಮೀಸಲಾಗಲಿ. ಮಗು ತಾನು ಕಳಿಸಿದ ಒಂದು ಸಂದೇಶವನ್ನು ಕರಿಹಲಗೆಯ ಮೇಲೆ ಕನ್ನಡ ಅಕ್ಷರದಲ್ಲಿ ಬರೆಯಲಿ: ‘ನಾಳೆ ಬರಕ್ಕಾಗಲ್ಲ.’ ಅದರ ಕೆಳಗೆ, ಮುಖ್ಯೋಪಾಧ್ಯಾಯರಿಗೆ ಬರೆಯುವಂತೆ: ‘ನಾಳೆ ಬರಲು ಸಾಧ್ಯವಾಗುವುದಿಲ್ಲ.’ ಲಿಪಿಯೂ ಬಂತು, ವ್ಯಾಕರಣವೂ ಬಂತು, ಯಾರೊಡನೆ ಹೇಗೆಂಬ ವಿವೇಕವೂ ಬಂತು. ಸರಕಾರಿ ಗುಮಾಸ್ತರಾದ ನಮಗೆ ಇದು ದಿನನಿತ್ಯದ ಅನುಭವ. ಕಡತದ ಟಿಪ್ಪಣಿಯ ಭಾಷೆ ಬೇರೆ, ಕ್ಯಾಂಟೀನಿನ ಭಾಷೆ ಬೇರೆ, ಎರಡೂ ಬೇಕು.

ತಮಿಳುನಾಡಿನ 2006ರ ಕಾಯಿದೆ ಶಾಲೆಗಳಲ್ಲಿ ತಮಿಳನ್ನು ಹಂತಹಂತವಾಗಿ ಕಡ್ಡಾಯಗೊಳಿಸಿತು. ನಾವಿರುವ ನಾಡಿನ ನುಡಿ, ಮಕ್ಕಳು ಕಲಿಯಲಿ. ಆದರೆ ಇಲ್ಲಿನ ಬಹುಪಾಲು ಮಕ್ಕಳ ಕನ್ನಡಕ್ಕೆ ಉಳಿದಿರುವುದು ಮನೆ, ಮೊಬೈಲು ಮತ್ತು ಭಾನುವಾರದ ಒಂದು ಗಂಟೆ. ಈ ಮೂರರಲ್ಲಿ ಮಗು ತಾನಾಗಿ ಕನ್ನಡ ಬರೆಯುವುದು ಮೊಬೈಲಿನಲ್ಲಿ ಮಾತ್ರ. ಅಲ್ಲೂ ಗದರಿಸಿದರೆ ಅದು ಇಂಗ್ಲಿಷಿಗೆ ಹೊರಳುತ್ತದೆ, ಮತ್ತೆ ಮರಳುವುದಿಲ್ಲ. ತರಗತಿ ನಡೆಸುವವರು ಇದನ್ನು ಬೇಗನೆ ಯೋಚಿಸಬೇಕೆಂದು ಕೋರುತ್ತೇವೆ.