ಬಾಡಿಗೆ ಕಾರು, ಮಣ್ಣು ರಸ್ತೆ ಮತ್ತು ಒಂದು ಅಕ್ಷರ

ಸೆಲ್ಫ್ ಡ್ರೈವ್ ಕಾರುಗಳ ಜಾಹೀರಾತು ನೋಡಿರ್ತೀರಲ್ಲ? ಕಪ್ಪು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರದ ಆ ಕಾರು ಸಾಮಾನ್ಯವಾಗಿ ಯಾವುದೋ ಬೆಟ್ಟದ ತುದಿಯಲ್ಲಿ ನಿಂತಿರುತ್ತೆ. ಟೈರಿಗೆ ಹದವಾಗಿ ಒಂಚೂರು ಕೆಸರು ಬೇರೆ :-) ಕರಾರುಪತ್ರ ಓದಿದರೆ ಮಾತ್ರ ಕೆಳಗೆಲ್ಲೋ ಒಂದು ಸಾಲು ಸಿಗುತ್ತೆ: ಆಫ್ ರೋಡ್ ಬಳಕೆಯಿಂದಾದ ಹಾನಿಗೆ ಬಾಡಿಗೆದಾರನೇ ಹೊಣೆ. ಸರಿ ಸ್ವಾಮಿ, ಆಫ್ ರೋಡ್ ಅಂದ್ರೆ ಯಾವುದು? ಅದನ್ನು ಮಾತ್ರ ಬರೆದಿರೋದಿಲ್ಲ.

ಗೆಳೆಯನೊಬ್ಬ ಸಕಲೇಶಪುರದ ಕಡೆ ಹೋಮ್‌ಸ್ಟೇಗೆ ಹೋಗಿದ್ದ. ಕೊನೆಯ ಮೂರು ಕಿಲೋಮೀಟರು ಮಣ್ಣು ರಸ್ತೆ. ಕಲ್ಲು ಬಡಿದು ಆಯಿಲ್ ಸಂಪ್ ಒಡೀತು. ಬಾಡಿಗೆ ಕಂಪನಿಯವರು "ಅದು ಆಫ್ ರೋಡ್" ಅಂತ ಡೆಪಾಸಿಟ್ ಪೂರ್ತಿ ಹಿಡ್ಕೊಂಡ್ರು. ಆ ದಾರಿಯಲ್ಲಿ ದಿನಾ ಹಾಲಿನ ಗಾಡಿ ಓಡಾಡುತ್ತೆ, ಮಕ್ಕಳು ಶಾಲೆಗೆ ಹೋಗ್ತಾರೆ. ಆ ಊರಿನವರಿಗೆ ಇರೋದೇ ಅದೊಂದು ರಸ್ತೆ!

ಈ ವಿಷಯದಲ್ಲಿ ಐಸ್‌ಲ್ಯಾಂಡಿನವರನ್ನು ಮೆಚ್ಚಬೇಕು. ಅಲ್ಲಿ ಒಳನಾಡಿನ ಬೆಟ್ಟದ ರಸ್ತೆಗಳ ಸಂಖ್ಯೆಯ ಮುಂದೆ ಒಂದು 'ಎಫ್' ಇರುತ್ತೆ. ಎಫ್208, ಎಫ್26, ಹೀಗೆ. ಎಫ್ ಇದ್ದರೆ ಫೋರ್ ವೀಲ್ ಡ್ರೈವ್ ಗಾಡಿ ಬೇಕೇ ಬೇಕು. ಚಿಕ್ಕ ಕಾರು ಬಾಡಿಗೆಗೆ ತಗೊಂಡು ಅಲ್ಲಿ ಕಾಲಿಟ್ಟರೆ ವಿಮೆ ಹೋಯ್ತು ಅಂತಲೇ ಲೆಕ್ಕ. ಈ ರಸ್ತೆಗಳು ಹಿಮ ಕರಗಿದ ಮೇಲೆ, ಜೂನ್-ಜುಲೈ ಹೊತ್ತಿಗೆ ತೆರೆದು ಚಳಿ ಶುರುವಾದಾಗ ಮುಚ್ಚುತ್ತವೆ. ಎಫ್ ಇಲ್ಲದ ಜಲ್ಲಿ ರಸ್ತೆಯಲ್ಲಿ ಸಾಮಾನ್ಯ ಕಾರೂ ಓಡಬಹುದು, ಗಂಟೆಗೆ 80 ಕಿಲೋಮೀಟರಿನ ಮಿತಿಯೊಳಗೆ. ಜಲ್ಲಿ ಸಿಡಿದು ಗಾಜು ಒಡೆದರೆ ಅದಕ್ಕೆ ಬೇರೆ ವಿಮೆ, ಮರಳು-ಬೂದಿ ಬಿರುಗಾಳಿಗೆ ಇನ್ನೊಂದು. ರಸ್ತೆ ಬಿಟ್ಟು ಮಣ್ಣಿನ ಮೇಲೆ ಓಡಿಸಿದರೆ ಮಾತ್ರ ಅದು ಆಫ್ ರೋಡ್. ಅದು ಅಪರಾಧ, ದಂಡ ಜೋರಾಗೇ ಬೀಳುತ್ತೆ.

ಅಲ್ಲಿಯ ಕಂಪನಿಗಳೇನೂ ಧರ್ಮಛತ್ರ ಇಟ್ಟಿಲ್ಲ. ನದಿ ದಾಟುವಾಗ ಇಂಜಿನ್ನಿಗೆ ನೀರು ನುಗ್ಗಿದರೆ ದೊಡ್ಡ ಜೀಪಿಗೂ ಸಾಮಾನ್ಯವಾಗಿ ವಿಮೆ ಸಿಗೋದಿಲ್ಲ. ಥೋರ್ಸ್‌ಮೋರ್ಕ್ ಕಣಿವೆಯ ಕ್ರೋಸಾ ನದಿ ಎಷ್ಟೋ ಗಾಡಿಗಳನ್ನು ನುಂಗಿದೆ. ಆದರೆ ದುಡ್ಡು ಕಟ್ಟುವ ಮೊದಲೇ ಇದೆಲ್ಲ ಗೊತ್ತಿರುತ್ತೆ. ನನ್ನ ಪ್ರಕಾರ ವ್ಯತ್ಯಾಸ ಇರೋದು ಇಲ್ಲೇ.

ನಮ್ಮಲ್ಲಿ ಆ ನಿರ್ಧಾರವನ್ನೆಲ್ಲ ಸ್ಟೀರಿಂಗ್ ಹಿಡಿದವನ ತಲೆಗೆ ಕಟ್ಟಿರ್ತಾರೆ. 'ಎಸ್‌ಯುವಿ' ಅಂತ ಕೊಡುವ ಎಷ್ಟೋ ಗಾಡಿಗಳಲ್ಲಿ ಮುಂದಿನ ಎರಡೇ ಚಕ್ರಕ್ಕೆ ಶಕ್ತಿ ಹೋಗೋದು. ಅದನ್ನೇ ನಂಬಿಕೊಂಡು ಜನ ಸ್ಪಿತಿ ಕಣಿವೆಗೆ ಹೊರಡ್ತಾರೆ. ಗ್ರಾಂಫೂನಿಂದ ಬಾತಲ್ ಕಡೆಗಿನ ದಾರಿಯಲ್ಲಿ ಹಿಮನದಿಯ ತೊರೆಗಳು ರಸ್ತೆಗೇ ಅಡ್ಡ ಹರಿಯುತ್ತವೆ. ಬಿಸಿಲೇರಿದಂತೆ ಹಿಮ ಕರಗಿ, ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನೀರು ಮಧ್ಯಾಹ್ನಕ್ಕೆ ಉಕ್ಕುತ್ತೆ. ಇಂಜಿನ್ ಗಾಳಿ ಎಳ್ಕೊಳ್ಳೋ ಕಡೆ ನೀರು ಎಳ್ಕೊಂಡ್ರೆ ಮುಗೀತು. ನೀರು ಗಾಳಿಯ ಹಾಗೆ ಒತ್ತಿದರೆ ಕುಗ್ಗಲ್ಲ, ಕನೆಕ್ಟಿಂಗ್ ರಾಡೇ ಬಾಗುತ್ತೆ. ನಮ್ಮ ಮಾಮೂಲಿ ವಿಮೆಯಲ್ಲಿ ಇದಕ್ಕೆ ಪರಿಹಾರ ಇರೋದಿಲ್ಲ. ಇಂಜಿನ್ ರಕ್ಷಣೆ ಅಂತ ಬೇರೆ ಸೇರಿಸಿರಬೇಕು. ಬಾಡಿಗೆ ಗಾಡಿಗೆ ಅದು ಇದೆಯಾ ಅಂತ ಎಷ್ಟು ಜನ ಕೇಳ್ತೀವಿ?

ಕಂಪನಿಯವರ ಕಷ್ಟ ಇಲ್ಲ ಅಂತಲ್ಲ. ಸ್ವಂತದ್ದಲ್ಲ ಅಂತ ಗಾಡಿಯನ್ನು ಕುದುರೆ ಥರ ಹಾರಿಸುವವರೂ ಇದ್ದಾರೆ. ಹಾಗಿದ್ದರೆ ನೇರವಾಗಿ ಬರೆಯಲಿ: ಈ ಗಾಡಿ ಮಣ್ಣು ರಸ್ತೆಗೆ ಆಗುತ್ತೆ, ಇದು ಆಗಲ್ಲ, ಗಾಡಿಯ ತಳಕ್ಕೆ ಏಟು ಬಿದ್ದರೆ ಇಷ್ಟು, ನೀರು ದಾಟುವಂತಿಲ್ಲ. ನಾಲ್ಕು ಸಾಲು ಸಾಕು. ಬೆಟ್ಟದ ಫೋಟೋ ತೋರಿಸಿ ದುಡ್ಡು ತಗೊಂಡು, ಬೆಟ್ಟ ಹತ್ತಿದ್ದಕ್ಕೆ ಮತ್ತೆ ದುಡ್ಡು ಕೇಳೋದು ಮಾತ್ರ ಸರಿಯಲ್ಲ.

ಅಲ್ಲೀವರೆಗೆ ನಾವು ಮಾಡಬಹುದಾದ್ದು ಇಷ್ಟೇ. ಹೋಗುವ ಊರಿನ ಹೆಸರು ಬರೆದು "ಇಲ್ಲಿಗೆ ಹೋಗಬಹುದಾ?" ಅಂತ ಈಮೇಲಿನಲ್ಲಿ ಕೇಳಿ, ಉತ್ತರ ಇಟ್ಕೊಳ್ಳಿ. ಹೊರಡುವ ಮೊದಲು ಗಾಡಿಯ ತಳದ ಫೋಟೋ ತೆಗೀರಿ, ಸ್ಟೆಪ್ನಿಯಲ್ಲಿ ಗಾಳಿ ಇದೆಯಾ ನೋಡಿ. ಬೇಡ ಅಂದರೆ ಕಾರು ಕೆಳಗೇ ಬಿಟ್ಟು ಅಲ್ಲಿಯ ಜೀಪು ಹತ್ತಿ. ಕೊಡಚಾದ್ರಿಗೆ ಜನ ಹೋಗೋದೇ ಹಾಗೆ. ಆ ಜೀಪಿನವರಿಗೆ ಯಾವ ಕಲ್ಲು ಎಲ್ಲಿದೆ ಅಂತ ಗೊತ್ತಿರುತ್ತೆ, ಅವರ ಮನೆಗೂ ನಾಲ್ಕು ಕಾಸು ಸೇರುತ್ತೆ.

ನೀವೇನಂತೀರಿ? ಮಣ್ಣು ರಸ್ತೆಯ ಬಗ್ಗೆ ಸ್ಪಷ್ಟವಾಗಿ ಬರೆದುಕೊಡುವ ಕರಾರು ಯಾರಿಗಾದರೂ ಸಿಕ್ಕಿದ್ದರೆ ತಿಳಿಸಿ, ಮುಂದಿನ ಸಲ ಅಲ್ಲೇ ಗಾಡಿ ತಗೊಳ್ಳೋಣ.